ಬುಗ್ಗೆ ತೋಳಿನ ಚಿಕ್ಕವ್ವ

ನಮ್ಮ ಚಿಕ್ಕವ್ವನಿಗೆ ತಲೆ ಸರಿಯಿಲ್ಲ ಎಂದು ಶಿಕಾರಿಪುರದ ಅರ್ಧ ಊರು ಹೇಳುತ್ತಿತ್ತು. ಶುದ್ಧ ಸುಳ್ಳು! ಎಣ್ಣೆ ಹಚ್ಚಿ, ನೇರ ಬೈತಲೆ ತೆಗೆದು, ಒಂದು ಕೂದಲೂ ಹಾರದ ಹಾಗೆ ತುರುಬು ಕಟ್ಟಿದ ತಲೆ ಅದು. ಇಡೀ ತಾಲ್ಲೂಕಿನಲ್ಲಿ ಅಷ್ಟು ಸರಿಯಾದ ತಲೆ ಇನ್ನೊಂದು ಇರಲಿಲ್ಲ. ಊರವರಿಗೆ ಸರಿಕಾಣದೆ ಇದ್ದದ್ದು ಅವಳ ತೋಳು. ತೋಳೆಂದರೆ ತೋಳಲ್ಲ, ತೋಳಿನ ಮೇಲಿನ ಜಂಪರು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆ ಮದುವೆಯಾಗಿ ಎರಡು ಮಕ್ಕಳಾದ ಹೆಂಗಸು ಎಂದರೆ ದಪ್ಪ ನೂಲಿನ ಸೀರೆ, ಮೈಗಂಟಿದ ಕುಪ್ಪಸ. ಮುಗಿಯಿತು. ಚಿಕ್ಕವ್ವ ಮದುವೆಯೂ ಆಗಿರಲಿಲ್ಲ, ಮಕ್ಕಳನ್ನೂ ಹೆತ್ತಿರಲಿಲ್ಲ, ಆ ಕುಪ್ಪಸವನ್ನೂ ತೊಡಲಿಲ್ಲ. ಬೇಸಿಗೆ ಕಾಲಿಟ್ಟಿತೆಂದರೆ ಸಣ್ಣ ಸಣ್ಣ ಹೂವಿನ ವಾಯಿಲ್ ಸೀರೆ ಹೊರಗೆ ಬರುತ್ತಿತ್ತು. ಅದರ ಮೇಲೆ ತಿಳಿಗುಲಾಬಿಯದೋ ನಿಂಬೆಹಣ್ಣಿನ ಬಣ್ಣದ್ದೋ ಜಂಪರು. ಬುಗ್ಗೆಯ ಹಾಗೆ ಉಬ್ಬಿದ ತೋಳು, ತೋಳಿನ ಅಂಚಿಗೆ ನೆರಿಗೆ ಹಿಡಿದ ಫ್ರಿಲ್ಲು, ಫ್ರಿಲ್ಲಿನ ಅಂಚಿಗೆ ಲೇಸು. ಸಾಲದ್ದಕ್ಕೆ ಕುತ್ತಿಗೆಯ ಸುತ್ತಲೂ ಇನ್ನೊಂದು ಫ್ರಿಲ್ಲು!

ಹೀಗೆ ಸಿಂಗರಿಸಿಕೊಂಡು ಅವಳು ಹೋಗುತ್ತಿದ್ದದ್ದು ಎಲ್ಲಿಗೆ ಅಂದುಕೊಂಡಿರಿ? ಆರತಕ್ಷತೆಗಲ್ಲ. ಹೆರಿಗೆ ಮಾಡಿಸಲು!

ಅವಳು ಮಿಡ್‌ವೈಫು. ನನ್ನ ಅವ್ವ ನನ್ನನ್ನು ಹೆತ್ತು ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ಉಳವಿಯ ಕಡೆ ಗದ್ದೆ ನೋಡಿಕೊಂಡು ಉಳಿದುಬಿಟ್ಟ. ನನ್ನನ್ನು ಸಾಕಿದ್ದು ಅಜ್ಜಿ ಮತ್ತು ಅವ್ವನ ತಂಗಿಯಾದ ಈ ಚಿಕ್ಕವ್ವ. ನಾನು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅವಳು ಶಿವಮೊಗ್ಗಕ್ಕೆ ಹೋಗಿ ಆ ವಿದ್ಯೆ ಕಲಿತು, ಸರ್ಕಾರಿ ನೌಕರಿ ಹಿಡಿದು ಊರಿಗೆ ಬಂದಳು. ಮಿಡ್‌ವೈಫ್ ಎಂದರೆ ಬಿಳಿ ಸೀರೆ, ಬಿಳಿ ರವಿಕೆ ಎಂಬುದು ಮೇಲಿನವರ ನಿಯಮ. ಅವಳು ಆ ನಿಯಮವನ್ನು ಓದಿ, ಮಡಚಿ, ಟ್ರಂಕಿನ ತಳಕ್ಕೆ ಹಾಕಿದಳು.

ಅಜ್ಜಿಗೂ ಅವಳಿಗೂ ಬೆಳಗಿನ ಜಗಳ ಇದೇ.

"ಏಯ್, ಇಪ್ಪತ್ತೇಳಾತು ನಿಂಗೆ. ಇದು ಕೂಸಿನ ಅಂಗಿ ಕಣೇ!"

"ಕೂಸಿಗೇನ್ ಗೊತ್ತವ್ವಾ ಫ್ರಿಲ್ಲಿನ ಬೆಲೆ? ಮೂಗು ಒರೆಸ್ಕಳ್ತಾವೆ ಅದ್ರಾಗೆ. ಇದ್ನ ಹಾಕ್ಕಬೇಕಂದ್ರೆ ಬುದ್ಧಿ ಬಲ್ತಿರ್ಬೇಕು."

ಅಜ್ಜಿಯ ಮಾತು ಊರ ದರ್ಜಿಯ ತಲೆಯಲ್ಲೂ ಇತ್ತು. ಚಿಕ್ಕವ್ವ ಮೊದಲ ಸಲ ಬಟ್ಟೆ, ಲೇಸು, ಅಳತೆ ಎಲ್ಲ ಕೊಟ್ಟು ಬಂದಳು. ವಾರ ಬಿಟ್ಟು ಹೋದರೆ ಹತ್ತು ವರ್ಷದ ಹುಡುಗಿಗೆ ಆಗುವ ಜಂಪರು ಮಡಚಿ ಕೊಟ್ಟ!

"ನನ್ನ ಅಳತಿ ಕೊಟ್ಟಿದ್ನಲ್ಲೋ ಮಾರಾಯ?"

"ಕೊಟ್ಟಿದ್ರಿ ಅಕ್ಕಾರೆ. ಫ್ರಿಲ್ಲು ಅಂದ್ರಲ್ಲ, ಅಳತಿ ಹೇಳೋದ್ರಾಗೆ ತಪ್ಪಿದೀರಿ ಅಂತ ನಾನೇ ಸರಿಮಾಡ್ದೆ."

ಊರಿಗೆ ಊರೇ ಅವಳನ್ನು ಹೀಗೆ ಸರಿಮಾಡಲು ನಿಂತಿತ್ತು. ಆ ಜಂಪರು ನನ್ನ ಪಾಲಿಗೆ ಬಂತು. ನಾನು ಅದನ್ನು ಹಾಕಿಕೊಂಡು ಶಾಲೆಗೆ ಹೋದರೆ ಎಲ್ಲರೂ ಚೆಂದ ಚೆಂದ ಎಂದರು. ಅದೇ ಬಟ್ಟೆ, ಅದೇ ಲೇಸು! ನನ್ನ ಮೈಮೇಲೆ ಚೆಂದವಾದದ್ದು ಅವಳ ಮೈಮೇಲೆ ಹುಚ್ಚಾಗುವುದು ಹೇಗೆ? ಈ ಪ್ರಶ್ನೆ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಿಕ್ಕವ್ವ ಮಾತ್ರ ಒಂದು ಹೊಲಿಗೆ ಮಿಷನ್ನು ತರಿಸಿ, ದರ್ಜಿಯ ಸಹವಾಸವನ್ನೇ ಬಿಟ್ಟಳು. ಅಲ್ಲಿಂದ ಮುಂದೆ ಫ್ರಿಲ್ಲು ಒಂದು ಸುತ್ತಿನಿಂದ ಎರಡು ಸುತ್ತಾಯಿತು.

ಒಂದು ಸಲ ತೊಗರ್ಸಿಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಬೆಳಗಿನಿಂದ ನೋವು. ಬಿಸಿಲಲ್ಲಿ ಬಸ್ಸಿಳಿದು ಚೀಲ ಹಿಡಿದು ಆ ಮನೆ ಬಾಗಿಲಿಗೆ ಹೋದರೆ, ಅತ್ತೆಯಾದವಳು ಇವಳನ್ನು ಮೇಲಿಂದ ಕೆಳಗೆ ನೋಡಿ, "ಮದಿವಿ ಮನಿ ಆಚೆ ಓಣಿ ರೀ" ಎಂದು ಕೈ ತೋರಿಸಿ ಬಾಗಿಲು ಮುಂದೆ ಮಾಡಿದಳಂತೆ. ಚಿಕ್ಕವ್ವ ಬಾಗಿಲ ಸಂದಿಗೆ ಕಾಲು ಕೊಟ್ಟಳು.

"ಮದಿವಿ ಆಮ್ಯಾಲೆ ಮುಗಿಸ್ತೀನಿ. ಮೊದ್ಲು ನೀರು ಕಾಯ್ಸಿ."

ಒಳಗೆ ಹೋಗಿ ಬಿಳಿ ಏಪ್ರನ್ ಕಟ್ಟಿ, ಮೊಣಕೈವರೆಗೆ ಕೈ ಉಜ್ಜಿ ತೊಳೆದು ಕೂತಳು. ನೋವಿನಲ್ಲಿ ಹೊರಳುತ್ತಿದ್ದ ಹುಡುಗಿ ಕಣ್ಣು ಬಿಟ್ಟು, "ಅಕ್ಕಾ, ಈ ಲೇಸು ಎಲ್ಲಿ ತಂದ್ರಿ?" ಎಂದು ಕೇಳಿದಳಂತೆ! ಮಧ್ಯಾಹ್ನದ ಹೊತ್ತಿಗೆ ಗಂಡುಮಗು. ಆಮೇಲೆ ಆ ಅತ್ತೆಯೇ ಊರೆಲ್ಲ ಹೇಳಿಕೊಂಡು ಬಂದಳು: ಬಿಳಿ ಸೀರೆಯವಳು ಹೊಸ್ತಿಲು ತುಳಿದರೆ ಬಸುರಿಗೆ ಎದೆ ಧಸಕ್ಕೆನ್ನುತ್ತದೆ, ಗಂಡ ಸತ್ತವಳು ಎದುರು ಬಂದಳೇನೋ ಅಂತ. ಈ ನರ್ಸಮ್ಮ ಬಂದರೆ ಮನೆಗೆ ಹಬ್ಬ ಬಂದ ಹಾಗೆ. ಸುತ್ತಿನ ಹಳ್ಳಿಗಳಲ್ಲಿ ಅವಳನ್ನು ಕರೆಯುವವರು ಹೆಚ್ಚಾದರು. ಊರಿನಲ್ಲಿ ನಗುವವರು ಕಡಿಮೆಯಾಗಲಿಲ್ಲ.

ನಗುವವರಲ್ಲಿ ನಾನೂ ಒಬ್ಬಳು. ಬೇರೆಯವರದ್ದು ಹೇಳಿ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ಅವಳ ಜೊತೆ ಸಂತೆಗೆ ಹೋಗುವಾಗ ಹತ್ತು ಮಾರು ಹಿಂದೆಯೇ ನಡೆಯುತ್ತಿದ್ದೆ. ಸೊರಬದಿಂದ ನನ್ನನ್ನು ನೋಡಲು ಗಂಡಿನವರು ಬರುತ್ತಾರೆಂದಾಗ ಕೈಮುಗಿದು ಕೇಳಿಕೊಂಡೆ. "ಚಿಕ್ಕವ್ವಾ, ಇವತ್ತೊಂದು ದಿನ ಸಾದಾ ರವಿಕೆ ಹಾಕ್ಕೋ. ನನ್ನ ಬಾಳಿನ ಪ್ರಶ್ನೆ."

"ಜಂಪರ್ ನೋಡಿ ಓಡಿಹೋಗೋ ಗಂಡು ನಿಂಗೆ ಯಾಕ್ ಬೇಕೇ?" ಎಂದವಳೇ, ಇದ್ದದ್ದರಲ್ಲೇ ಹೆಚ್ಚು ಲೇಸಿನದ್ದನ್ನು ಹುಡುಕಿ ತೊಟ್ಟಳು.

ಗಂಡಿನ ತಾಯಿ ಒಳಗೆ ಬಂದು ಕೂತರು. ನನ್ನನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ಮಲೆನಾಡಿನ ನೇರ ಮಾತಿನ ಹೆಂಗಸು.

"ಅಲ್ಲ ಮಾರಾಯ್ರೆ, ಇಬ್ರಲ್ಲಿ ಹುಡುಗಿ ಯಾರು ಅಂತ ತಿಳಿಲಿಲ್ಲ ನಂಗೆ!"

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಚಿಕ್ಕವ್ವ ಅಲುಗಾಡಲಿಲ್ಲ. "ಆಕೆ ರೀ ಹುಡುಗಿ. ನನ್ನ ನೋಡೋಕೆ ಬಂದೋರೆಲ್ಲ ಈ ತೋಳು ನೋಡಿ ವಾಪಸ್ ಹೋದ್ರು. ನಂಗೇನೂ ಲುಕ್ಸಾನಾಗಿಲ್ಲ."

ಆ ಹಿರಿಯರು ಎದ್ದುಹೋಗುತ್ತಾರೆ ಎಂದು ನಾನು ಉಸಿರು ಹಿಡಿದಿದ್ದೆ. ಅವರು ಎದ್ದರು, ನಿಜ. ಆದರೆ ಚಿಕ್ಕವ್ವನ ಹತ್ತಿರ ಹೋಗಿ ಫ್ರಿಲ್ಲನ್ನು ಎರಡು ಬೆರಳಲ್ಲಿ ಹಿಡಿದು, "ಸೆಖೆಗೆ ಒಳ್ಳೇದಾ? ಒಳಗೆ ಗಾಳಿ ಆಡ್ತದಾ?" ಎಂದು ಪಿಸುಗುಟ್ಟಿದರು! ಮದುವೆ ನಿಶ್ಚಯವಾಯಿತು. ನಾನು ಸೊರಬದ ಸೊಸೆಯಾದೆ.

ಮರುವರ್ಷ ಯುಗಾದಿಗೆ ತವರಿಗೆ ಬಂದಾಗಲೇ ಚಿಕ್ಕವ್ವನ ಆಸ್ಪತ್ರೆಯಲ್ಲಿ ಆ ತಪಾಸಣೆ ನಡೆದದ್ದು. ಮೇಲಿನಿಂದ ಹೊಸ ಮೇಡಮ್ಮು ಬಂದಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ, ಆ ಬಿಸಿಲಲ್ಲಿ ಮಣಿಕಟ್ಟಿನವರೆಗೆ ತೋಳು. ಪಾಪ, ಬೆವರಿ ತೊಪ್ಪೆಯಾಗಿದ್ದರು. ನಾನು ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿದೆ.

"ಏನಿದು?"

"ಜಂಪರ್ ರೀ."

"ಅದು ಕಾಣ್ತದೆ. ಈ ತೋಳೇನು?"

"ಬುಗ್ಗೆ ತೋಳು ರೀ."

"ಕೆಲಸಕ್ಕೆ ಬರೋ ಹೆಂಗಸಿಗೆ ಈ ಸಿಂಗಾರ ಎಲ್ಲ ಯಾಕೆ?"

"ಕೆಲಸಕ್ಕೆ ಬಂದಮ್ಯಾಲೂ ಹೆಂಗಸೇ ಅಲ್ವೇನ್ರೀ?"

ಮೇಡಮ್ಮು ಲೇಖನಿ ಕೆಳಗಿಟ್ಟರು. ನಿಯಮ ಮುರಿದದ್ದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಹೇಳಿ ಹೊರಟುಹೋದರು.

ಸಂಜೆ ಕಾಂಪೌಂಡರು ಮನೆಗೇ ಬಂದರು. ಒಳ್ಳೆಯ ಮನುಷ್ಯ, ಚಿಕ್ಕವ್ವನ ನೌಕರಿಯ ಚಿಂತೆ ಅವಳಿಗಿಂತ ಅವರಿಗೇ ಹೆಚ್ಚು. "ಅಕ್ಕಾರೆ, ಬಾಳ ಸಲೀಸು ಐತೆ. ಬಿಳಿ ಕಂಡ್ರೆ ಹಳ್ಳಿ ಬಸುರೇರು ಹೆದರ್ತಾರೆ, ಬಣ್ಣ ಕಂಡ್ರೆ ಧೈರ್ಯ ತಗಳ್ತಾರೆ ಅಂತ ಬರ್ದುಬಿಡ್ರಿ. ಸುಳ್ಳೇನೂ ಅಲ್ವಲ್ಲ. ತೊಗರ್ಸಿಯೋರು ಬಂದು ಸಾಕ್ಷಿ ಹೇಳ್ತಾರೆ."

ನಾನೂ ಅಜ್ಜಿಯೂ ಹೌದು ಹೌದು ಎಂದೆವು. ಚಿಕ್ಕವ್ವ ಕಾಗದ ತೆಗೆದು ಒಂದೇ ಸಾಲು ಬರೆದು ನಮ್ಮ ಮುಂದೆ ಹಿಡಿದಳು. ‘ಫ್ರಿಲ್ಲಿನ ಜಂಪರು ನನಗೆ ಇಷ್ಟ, ಆದ್ದರಿಂದ ಹಾಕುತ್ತೇನೆ.’

"ಅಯ್ಯೋ ಶಿವನೇ!" ಎಂದರು ಕಾಂಪೌಂಡರು. "ಇದು ಕಾರಣ ಅಲ್ರೀ!"

"ಯಾಕಲ್ಲ? ಈ ಕಡುಬಿಸಿಲಾಗೆ ಸಾಹೇಬ್ರು ಕೋಟು ಹಾಕ್ಕಂಡ್ ಬರ್ತಾರೆ. ಆ ಕೋಟಿಂದ ರೋಗಿಗೆ ಏನ್ ಉಪಯೋಗ ಅಂತ ಯಾರಾದ್ರೂ ಬರೆಸ್ಕಂಡಾರಾ? ನಾನು ಕೈ ತೊಳೀತೀನಿ, ಕತ್ರಿ ಕುದಿಸ್ತೀನಿ, ಒಂದು ತಾಯಿನೂ ನನ್ನ ಕೈಯಾಗೆ ಕಳ್ಕಂಡಿಲ್ಲ. ಅದು ಸರ್ಕಾರದ್ದು, ಕೇಳ್ಲಿ, ಲೆಕ್ಕ ಕೊಡ್ತೀನಿ. ಈ ತೋಳು ನಂದು. ಬಸುರೇರಿಗೆ ಚಲೋ ಅಂತ ಬರೆದ್ರೆ, ನಾಳೆ ಅವ್ರಿಗೆ ಬ್ಯಾಡಾದ್ರೆ ನಾನು ಬಿಚ್ಚಿಡ್ಬೇಕಾ?"

ನನಗೆ ಸಿಟ್ಟು ಬಂತು. ಎರಡು ಸಾಲು ಜಾಸ್ತಿ ಬರೆದರೆ ಇವಳ ಗಂಟೇನು ಹೋಗುತ್ತಿತ್ತು? ಮೊಂಡುತನಕ್ಕೂ ಒಂದು ಮಿತಿ ಬೇಡವೆ? ಕಾಗದ ಹೋಯಿತು. ಎಂಟೇ ದಿನದಲ್ಲಿ ಉತ್ತರವೂ ಬಂತು. ಇನ್ನು ಮುಂದೆ ಬಿಳಿ ಉಡುತ್ತೇನೆಂದು ಬರೆದುಕೊಡಬೇಕು, ಇಲ್ಲವಾದರೆ ಘಟ್ಟದ ಕೆಳಗಿನ ಊರಿಗೆ ವರ್ಗ. ಚಿಕ್ಕವ್ವ ಅದನ್ನು ಓದಿ, "ಘಟ್ಟದ ಕೆಳಗೂ ಹೆಂಗಸ್ರು ಹೆರ್ತಾರಲ್ಲ!" ಎಂದು ಟ್ರಂಕು ಹೊರಗೆಳೆದು ಜಂಪರುಗಳನ್ನು ಜೋಡಿಸಲು ಕೂತಳು. ನಾನು ಮಾತು ಬಿಟ್ಟು ಸೊರಬದ ಬಸ್ಸು ಹತ್ತಿದೆ.

ತಿಂಗಳೊಪ್ಪತ್ತಿನಲ್ಲಿ ನಾನು ಬಸುರಿ ಎಂಬುದು ಖಾತ್ರಿಯಾಯಿತು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನನಗೆ ತವರೆಂದರೆ ಯಾರು? ಕಣ್ಣು ಮಂಜಾದ ಅಜ್ಜಿ, ಮತ್ತು ಟ್ರಂಕು ಕಟ್ಟಿಟ್ಟ ಚಿಕ್ಕವ್ವ. ಸುದ್ದಿ ತಿಳಿಸಿ, ವರ್ಗ ಯಾವಾಗ ಎಂದೂ ಕೇಳಿ ಕಾಗದ ಬರೆದೆ. ‘ಇಲ್ಲೇ ಇರುತ್ತೇನೆ. ಏಳು ತುಂಬಿದ ಕೂಡಲೇ ಬಾ’ ಎಂದಷ್ಟೇ ಉತ್ತರ ಬಂತು.

ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸುತ್ತ ನೋಡಿದರೆ ಚಿಕ್ಕವ್ವ ಕಾಣಲಿಲ್ಲ. ಅವಳನ್ನು ಗುಂಪಿನಲ್ಲಿ ಹುಡುಕಬೇಕಾದ ಪ್ರಮೇಯವೇ ಹಿಂದೆಂದೂ ಬಂದಿರಲಿಲ್ಲ! ಯಾರೋ ಬಿಳಿ ಸೀರೆಯ ಹೆಂಗಸು ಬಂದು ನನ್ನ ಕೈಚೀಲಕ್ಕೆ ಕೈ ಹಾಕಿದಳು. ಕೊಸರಿಕೊಂಡು ಮುಖ ನೋಡಿದೆ. ಚಿಕ್ಕವ್ವ. ಉದ್ದ ತೋಳಿನ ಬೋಳು ರವಿಕೆ. ವಯಸ್ಸು ಒಮ್ಮೆಲೇ ಹತ್ತು ವರ್ಷ ಮುಂದೆ ಹೋಗಿತ್ತು. ನಾನು ಬುದ್ಧಿ ಬಂದಾಗಿನಿಂದ ಬೇಡಿಕೊಂಡಿದ್ದು ಇದನ್ನೇ ತಾನೆ? "ಅಂತೂ ಬುದ್ಧಿ ಬಂತಲ್ಲ" ಎಂದು ಅಂದೂಬಿಟ್ಟೆ. ಅವಳು ಚೀಲ ಹೊತ್ತು ನಡೆದಳು. ಈ ಸಲ ಹತ್ತು ಮಾರು ಹಿಂದೆ ಉಳಿಯುವ ಕಾರಣವೇ ಇರಲಿಲ್ಲ, ಪಕ್ಕದಲ್ಲೇ ನಡೆದೆ. ನಡೆಯುತ್ತ ನಡೆಯುತ್ತ ನನಗೆ ಅಳು ಬಂತು. ಯಾಕೆಂದು ಗೊತ್ತಾಗಲಿಲ್ಲ.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಚಿಕ್ಕವ್ವ ಕೈ ತೊಳೆದು ಬಂದು ಪಕ್ಕದಲ್ಲಿ ಕೂತಳು. ನೋವಿನ ನಡುವೆ ಕಣ್ಣು ಬಿಟ್ಟಾಗಲೆಲ್ಲ ಆ ಬಿಳಿಯೇ ಎದುರಿಗೆ. ತೊಗರ್ಸಿಯವಳು ಹೇಳಿದ ಹಾಗೆಯೇ ಎದೆ ಧಸಕ್ಕೆಂದಿತು.

"ಇದನ್ನ ತೆಗ್ದು ಹಾಕು ಚಿಕ್ಕವ್ವಾ! ನಿನ್ನ ಜಂಪರ್ ಹಾಕ್ಕಂಡು ಬಾ. ಇಲ್ಲಾಂದ್ರೆ ನಾನು ಹೆರೋದಿಲ್ಲ!" ಎಂದು ಕಿರುಚಿದೆ. ನಾನೇ! ಫ್ರಿಲ್ಲು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದ ನಾನೇ!

"ಸುಮ್ನಿರೇ. ನಿನ್ನ ಬಾಣಂತನ ಮುಗಿಯೋಗಂಟ ಬಿಳಿ ಉಡ್ತೀನಿ, ಅಲ್ಲಿಗಂಟ ಇಲ್ಲಿಂದ ಕದಲಿಸ್ಬ್ಯಾಡ್ರಿ ಅಂತ ಬರ್ಕೊಟ್ಟೀನಿ. ಕೊಟ್ಟ ಮಾತು ಕೊಟ್ಟಿದ್ದೇ. ಈಗ ಉಸ್ರು ಬಿಗಿಹಿಡಿ."

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ನಾನೂ ಗಟ್ಟಿ, ಮಗುವೂ ಗಟ್ಟಿ. ಸಾವಿರ ಮನೆಯಲ್ಲಿ ಹೆರಿಗೆ ಮಾಡಿಸಿ ಸಂಜೆ ಬಸ್ಸಿಗೆ ಎದ್ದುಬರುತ್ತಿದ್ದವಳು ನನ್ನ ಹಾಸಿಗೆಯ ಪಕ್ಕದಿಂದ ಏಳಲೇ ಇಲ್ಲ. ರಜೆ ಹಾಕಿದಳು. ಗಳಿಗೆಗೊಮ್ಮೆ ನನ್ನ ಹಣೆ ಮುಟ್ಟುವುದು, ನಾಡಿ ಹಿಡಿಯುವುದು. ಉಂಡಳೋ ಇಲ್ಲವೋ. "ಇವಳಿಗೇನಾಗಿದೆ?" ಎಂದು ಅಜ್ಜಿಯನ್ನು ಕೇಳಿದೆ.

ಅಜ್ಜಿ ದನಿ ತಗ್ಗಿಸಿದಳು. "ನಿನ್ನವ್ವನೂ ಹೆತ್ತಾಗ ಚೆನ್ನಾಗೇ ಇದ್ಲು. ಮೂರನೇ ದಿನ ಜ್ವರ ಬಂದು ಹೋದ್ಲು. ಇವಳಿಗಾಗ ಹದಿನೇಳು. ಕೈ ಹಿಡ್ಕಂಡು ಕೂತಿದ್ಲು, ಏನು ಮಾಡ್ಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ."

ಮೂರನೆಯ ದಿನವೂ ಕಳೆಯಿತು. ನನಗೆ ಜ್ವರ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಎಚ್ಚರವಾದಾಗ ಚಿಕ್ಕವ್ವ ಸ್ನಾನ ಮಾಡಿ ಬಾಗಿಲಲ್ಲಿ ನಿಂತಿದ್ದಳು. ಹೂವಿನ ವಾಯಿಲ್ ಸೀರೆ, ಗುಲಾಬಿ ಜಂಪರು, ಎರಡು ಸುತ್ತು ಫ್ರಿಲ್ಲು.

"ಬಾಣಂತನ ಇನ್ನೂ ಮುಗಿದಿಲ್ವಲ್ಲೇ?" ಎಂದಳು ಅಜ್ಜಿ.

"ನನ್ನ ಹೆದ್ರಿಕೆ ಮುಗೀತವ್ವಾ. ಇನ್ನ ಎಲ್ಲಿಗೆ ಬೇಕಾದ್ರೂ ಕಳಿಸ್ಲಿ."

ಅವಳ ಎಡತೋಳಿನ ಫ್ರಿಲ್ಲು ಒಳಕ್ಕೆ ಮಡಚಿಕೊಂಡಿತ್ತು. ಹತ್ತಿರ ಬಾ ಎಂದು ಕರೆದು, ಮಲಗಿದ್ದಲ್ಲಿಂದಲೇ ಕೈ ಚಾಚಿ, ನಾನೇ ಅದನ್ನು ಹೊರಗೆ ತೆಗೆದು ಉಬ್ಬಿಸಿ ಸರಿಮಾಡಿದೆ.