ನೀಲಿ ಕಾಗದದ ಕೃಷಿಕ

ಬೆಳೆವಿಮೆಗೆ ಅಂದೇ ಕೊನೆಯ ದಿನ ಎಂದು ಫೌಸ್ಟಿನ್‌ಗೆ ತಿಳಿದದ್ದು ಬೆಳ್ಮಣ್ಣು ಪೇಟೆಯ ಸೆಲೂನಿನಲ್ಲಿ, ಅರ್ಧ ಗಡ್ಡ ಬೋಳಿಸಿಯಾದ ಮೇಲೆ. ಉಳಿದರ್ಧ ಹಾಗೇ ಇಟ್ಟುಕೊಂಡು ಅವನು ಮನೆಗೆ ಓಡಿದ.

ಮೂವತ್ತು ವರ್ಷ ಕುವೈಟಿನಲ್ಲಿ ದುಡಿದು ಬಂದವನಿಗೆ ಈಗ ಒಂದೇ ಆಸೆ: ಊರವರು ತನ್ನನ್ನು ಕೃಷಿಕ ಅನ್ನಬೇಕು. ಅದನ್ನು ಹೇಳಿದಾಗ ಹೆಂಡತಿ ಐರಿನ್, "ನಮ್ಮ ತೋಟದ ಗಡಿ ಎಲ್ಲಿ ಉಂಟಂತ ಗೊತ್ತುಂಟಾ ನಿಮಗೆ?" ಎಂದು ನಕ್ಕಿದ್ದಳು. ಹಾಗಾಗಿ ವಿಮೆಗೆ ಬೇಕಾದ ತೋಟದ ವಿವರವನ್ನು ಅವಳಲ್ಲಿ ಕೇಳುವ ಮಾತೇ ಇರಲಿಲ್ಲ. ಪೆಟ್ಟಿಗೆಯಲ್ಲಿ ಅವಳು ಕುವೈಟಿಗೆ ಬರೆದ ನೀಲಿ ಕಾಗದಗಳ ಕಟ್ಟಿತ್ತು. ತೋಟದ ಜಾತಕವೆಲ್ಲ ಅದರಲ್ಲೇ ಇರಬೇಕೆಂದು ಕಂಕುಳಲ್ಲಿ ಇರುಕಿಕೊಂಡು ವಿಮೆ ಕಟ್ಟುವ ಸಹಕಾರಿ ಸೊಸೈಟಿಗೆ ನಡೆದ.

ಸಾಲಿನಲ್ಲಿ ಇಪ್ಪತ್ತು ಗಂಡಸರು, ಇಪ್ಪತ್ತು ಫೋನು. ಅಡಿಕೆ ಎಷ್ಟು ಸೆಂಟ್ಸು, ಕಾಳುಮೆಣಸು ಎಷ್ಟು ಬಳ್ಳಿ ಎಂದು ಎಲ್ಲರೂ ಹೆಂಡತಿಯನ್ನು ಕೇಳುತ್ತಿದ್ದರು. ಉತ್ತರ ಗೊತ್ತಿದ್ದವರು ತೋಟದಲ್ಲಿದ್ದರು, ವಿಮೆ ಮಾಡಿಸುವವರು ಇಲ್ಲಿ ನಿಂತಿದ್ದರು. ಲೋಕವೇ ಹಾಗೆ, ಬಿಡಿ.

ಫೌಸ್ಟಿನ್ ಕಾಗದ ಬಿಚ್ಚಿದ. ಆಗೆಲ್ಲ ಅವನು ಓದುತ್ತಿದ್ದದ್ದು ಮೊದಲಿನ ‘ಪ್ರೀತಿಯ’ ಮತ್ತು ಕೊನೆಯ ‘ನಿಮ್ಮ ಐರಿನ್’ ಮಾತ್ರ. ನಡುವಿನ ಬೇರುಹುಳ, ಬಾವಿಯ ಕೆಸರು ಯಾರಿಗೆ ಬೇಕಿತ್ತು? ಈಗ ನೋಡಿದರೆ ಅವಳ ಅಷ್ಟೂ ವರ್ಷ ಅಲ್ಲೇ ಇತ್ತು. ಬಸುರಿಯಾಗಿದ್ದಾಗ ನೆಟ್ಟ ಸಸಿ, ಗಂಡನ ಹುಟ್ಟುಹಬ್ಬದ ದಿನವೇ ಒಡೆದ ಅಡಿಕೆಯ ಮೊದಲ ಹಿಂಗಾರ. ಆ ಕಾಲ ಇನ್ನೊಮ್ಮೆ ಬರಬಾರದೇ ಅನ್ನಿಸಿ ಅವನ ಕಣ್ಣು ತುಂಬಿ ಬಂತು.

ಹಿಂದೆ ನಿಂತಿದ್ದ ನೆರೆಮನೆಯ ಶೇಖರ ಅರ್ಧ ಗಡ್ಡವನ್ನೂ ಕಣ್ಣೀರನ್ನೂ ಕೂಡಿಸಿ ನೋಡಿದ. ಊರಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ‘ಫೌಸ್ಟಿನ್ ಪೊರ್ಬುಗಳ ತೋಟ ಪೂರಾ ಹೋಯಿತು’ ಎಂದು ಸಾಲಿಗೆಲ್ಲ ಸಾರಿದ. ಅಯ್ಯೋ ಪಾಪ ಎನ್ನುತ್ತ ಜನ ಅವನನ್ನು ಮುಂದಕ್ಕೆ ತಳ್ಳಿದರು. ಯಾರೋ ಸೋಡಾ ಕುಡಿಸಿದರು.

ಕೌಂಟರಿನ ನಳಿನಾಕ್ಷಿ ಕಂಪ್ಯೂಟರ್ ನೋಡಿದಳು. "ಪಹಣಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ. ಜಾಗ ಐರಿನ್ ಬಾಯಮ್ಮನದ್ದು. ಅವರು ಮೊದಲನೇ ದಿವಸವೇ ವಿಮೆ ಮಾಡಿ ಹೋಗಿದ್ದಾರೆ. ಈ ಸಲ ಹೆಂಗಸರ ಹೆಸರಲ್ಲಿ ಬಂದದ್ದು ಅದೊಂದೇ."

ಅದು ಹೇಗೆ ಎಂದು ಫೌಸ್ಟಿನ್ ಜಗಳಕ್ಕೇ ನಿಂತ. ಉತ್ತರ ಕೈಯಲ್ಲಿದ್ದ ಕಟ್ಟಿನ ಮುಂದಿನ ಕಾಗದದಲ್ಲೇ ಇತ್ತು, ಅದೂ ನಡುವಿನಲ್ಲಿ: ‘ನೀವು ಸಹಿ ಹಾಕಿ ಕಳಿಸಿದ ಪತ್ರದಂತೆ ತೋಟ ನನ್ನ ಹೆಸರಿಗೆ ಆಯಿತು. ಓದಿಯೇ ಸಹಿ ಹಾಕಿದ್ದು ಅಲ್ವಾ?’

ಮನೆಗೆ ಬಂದಾಗ ಐರಿನ್ ಅಂಗಳದಲ್ಲಿ ಗೊಬ್ಬರದ ಬುಟ್ಟಿ ಇಳಿಸುತ್ತಿದ್ದಳು. ಅರ್ಧ ಗಡ್ಡ, ಕಾಗದದ ಕಟ್ಟು ಎರಡನ್ನೂ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು.

"ಎಲ್ಲಿಯವರೆಗೆ ಓದಿದಿರಿ?"

"ತೋಟದವರೆಗೆ" ಎಂದ ಫೌಸ್ಟಿನ್.

"ಹಾಗಾದರೆ ಇನ್ನೂ ಎರಡು ಕಾಗದ ಓದಿ. ಮನೆಯದ್ದು ಅದರಲ್ಲಿ ಉಂಟು."