ಇಪ್ಪತ್ತು ನಿಮಿಷ ಕುದಿಸಿದ ಕತ್ತರಿ

ಕನ್ನಡಿಯ ಎದುರಿನ ಗೋಡೆಯ ಮೇಲೊಂದು ಹಳೆಯ ಭಾವಚಿತ್ರ. ಬೇವಿನ ಮರದ ನೆರಳು. ನೆರಳಿನಲ್ಲಿ ತಲೆ ತಗ್ಗಿಸಿ ಕೂತ ಗಿರಾಕಿ. ಅವನ ಹಿಂದೆ ಬಾಗಿ ನಿಂತ ಕ್ಷೌರಿಕ. ಕತ್ತರಿಯ ಅಲಗುಗಳ ನಡುವೆ ಸಿಕ್ಕ ಒಂದು ಎಳೆ ಕೂದಲು, ಬೀಳುವುದಕ್ಕೆ ಮುಂಚಿನ ಕ್ಷಣದಲ್ಲಿಯೇ ನಲವತ್ತು ವರ್ಷಗಳಿಂದ ನಿಂತಿದೆ. ಕ್ಷೌರಿಕನ ಬಾಚಣಿಕೆ, ಗೂಡಿಗೆ ಮರಳಿದ ಹಕ್ಕಿಯ ಹಾಗೆ, ಅವನದೇ ತಲೆಗೂದಲಲ್ಲಿ ನೆಮ್ಮದಿಯಾಗಿ ಕೂತಿದೆ. ಕಿನ್ನಾಳದ ಗೊಂಬೆ ಕಲಾವಿದರು ಬಣ್ಣ ಹಚ್ಚಿದ ಚೌಕಟ್ಟು ಮಾತ್ರ ಮಾಸಿದೆ.

ಚಿತ್ರದಲ್ಲಿರುವ ಕ್ಷೌರಿಕ ವಿರುಪಣ್ಣನ ತಂದೆ. ಯಲಬುರ್ಗಾದ ಆ ಕ್ಷೌರದಂಗಡಿ ಈಗ ವಿರುಪಣ್ಣನದು. ಬುಧವಾರ ಬೆಳಿಗ್ಗೆ ಅವನು ಚಿತ್ರದ ಗಾಜನ್ನೂ ಬಿಡದೆ ಔಷಧಿ ನೀರಿನಲ್ಲಿ ಒರೆಸಿದ.

ಕಾರಣವಿತ್ತು. ಊರಿನ ಹುಡುಗರ ವಸತಿನಿಲಯದಲ್ಲಿ ಒಬ್ಬನ ನೆತ್ತಿಯಿಂದ ಇನ್ನೊಬ್ಬನ ನೆತ್ತಿಗೆ ಹುಳುಕಡ್ಡಿ ಹಬ್ಬಿತ್ತು. ಅಲ್ಲಿಗೆ ಬರುತ್ತಿದ್ದ ಹಳೆಯ ಕ್ಷೌರಿಕನನ್ನು ಬಿಡಿಸಿದ ವಾರ್ಡನ್ ಗೌರೀಶ, ಮಧ್ಯಾಹ್ನ ಮೂರಕ್ಕೆ ಬಂದು ಸಾಮಾನುಗಳ ಶುಚಿತ್ವ ನೋಡುವುದಾಗಿ ಹೇಳಿಕಳಿಸಿದ್ದ. ಮೆಚ್ಚಿದರೆ ಪ್ರತಿ ತಿಂಗಳೂ ನೂರಿಪ್ಪತ್ತು ತಲೆ ವಿರುಪಣ್ಣನವು. ಇಲ್ಲವಾದರೆ ಬಸ್ ನಿಲ್ದಾಣದ ಬಳಿಯ ಹೊಸ ಎ.ಸಿ. ಸಲೂನಿನವು. ಊರಿನ ತರುಣರೆಲ್ಲ ಆಗಲೇ ಆ ಸಲೂನಿನ ಪಾಲಾಗಿದ್ದರು. ಈ ಕೆಲಸವೂ ಕೈತಪ್ಪಿದರೆ ಅಂಗಡಿ ಎತ್ತುವುದೊಂದೇ ಉಳಿದಿತ್ತು.

ಅಂಗಡಿಯ ಹಿಂದಿನ ಮನೆಯ ನರ್ಸ್ ಲಲಿತಾ ಕೇಳದೆಯೇ ಬಂದು ಸಲಹೆ ಕೊಟ್ಟಳು.

"ಎಲ್ಲಾ ಸಾಮಾನು ಇಪ್ಪತ್ತು ನಿಮಿಷ ಕುದಸ್ರಿ, ವಿರುಪಣ್ಣಾರ."

"ಎಲ್ಲಾ ಅಂದ್ರ?"

"ತಲಿಗೆ, ಮಾರಿಗೆ ತಾಗೂವೆಲ್ಲಾ."

ವಿರುಪಣ್ಣ ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ನೀರು ಕಾಯಿಸುವುದಕ್ಕೆಂದಷ್ಟೇ ಹೇಳಿ, ಪಕ್ಕದ ಚಹಾದಂಗಡಿಯ ದುರುಗವ್ವನಿಂದ ದೊಡ್ಡ ಪಾತ್ರೆ ತಂದ. ಕತ್ತರಿಗಳು ಬಿದ್ದವು. ಬಾಚಣಿಕೆಗಳು ಬಿದ್ದವು. ಊರಿನ ಗಲ್ಲಗಳನ್ನೆಲ್ಲ ಸವರಿ ನುಣುಪಾಗಿದ್ದ ಪಟಿಕಾರದ ಹರಳೂ ಬಿದ್ದಿತು.

ಇಪ್ಪತ್ತು ನಿಮಿಷದ ಬಳಿಕ ಕತ್ತರಿಗಳು ಹೊಳೆಯುತ್ತ ಹೊರಬಂದವು. ಬಾಚಣಿಕೆಗಳು ಕರಿದ ಹಪ್ಪಳದಂತೆ ಮುದುಡಿಕೊಂಡಿದ್ದವು. ಪಟಿಕಾರ ಎಷ್ಟು ತಡಕಿದರೂ ಸಿಗಲಿಲ್ಲ. ಅದು ಉಪ್ಪಿನಂತೆ ಕರಗುವ ಪದಾರ್ಥವೆಂದು ಲಲಿತಾ ನಗು ತಡೆದುಕೊಂಡು ವಿವರಿಸಿದಳು. ವಿರುಪಣ್ಣ ನೀರು ಚೆಲ್ಲಿದ. ಅಷ್ಟು ಹೊತ್ತು ಕುದ್ದು ಶುದ್ಧವಾದ ಪಾತ್ರೆಯನ್ನು ಮತ್ತೆ ತಣ್ಣೀರಿನಲ್ಲಿ ತೊಳೆದು ಕೆಡಿಸುವುದೇಕೆಂದು ಹಾಗೆಯೇ ಹಿಂದಿರುಗಿಸಿದ. ಪೇಟೆಗೆ ಓಡಿ ಹೊಸ ಬಾಚಣಿಕೆ ತಂದ. ಗಡ್ಡಕ್ಕೆಂದು ಬಂದ ಮೂವರು ಗಿರಾಕಿಗಳನ್ನು, ಸಾಮಾನು ಕೊಳೆಯಾಗುತ್ತದೆಂದು ಬಾಗಿಲಿನಿಂದಲೇ ಸಾಗಹಾಕಿದ.

ಎರಡು ಗಂಟೆಗೆ ದುರುಗವ್ವ ಪಾತ್ರೆಯೊಂದಿಗೆ ಬಂದಳು. ಒಳಗೆ ಒಡೆದ ಹಾಲು ಗಡ್ಡೆಗಟ್ಟಿತ್ತು.

"ಏನ ಹಾಕಿದ್ದೀಯೋ ಇದರಾಗ?"

"ಪಟಿಕಾರ, ಯವ್ವಾ."

"ಬರೇ ಪಟಿಕಾರನ?"

ವಿರುಪಣ್ಣನಿಗೆ ಸುಳ್ಳು ಬಾರದು. "ಕತ್ತರಿನೂ ಇದ್ದೂ," ಎಂದ. ಆಮೇಲೆ "ಬಾಚಣಿಕಿನೂ," ಎಂದು ಸೇರಿಸಿದ.

ದುರುಗವ್ವ ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಇದನ್ನ ನೀನ ಇಟ್ಕೋ. ನನಗ ಹೊಸಾದು ತಂದಕೊಡು. ಊರಾಗ ಮಾತ್ರ ಬಾಯಿ ಬಿಡಬ್ಯಾಡ."

ಮೂರಕ್ಕೆ ಸರಿಯಾಗಿ ಗೌರೀಶ ಬಂದ. ಕತ್ತರಿಯನ್ನು ಬೆಳಕಿಗೆ ಹಿಡಿದ, ಟವೆಲ್ಲು ಮೂಸಿದ, ಕುರ್ಚಿಯ ಸಂದಿಯಲ್ಲಿ ಬೆರಳಾಡಿಸಿದ. ಒಂದು ಕೂದಲೂ ಸಿಗಲಿಲ್ಲ. ಅವನ ಹುಬ್ಬು ಸಡಿಲವಾಯಿತು.

"ಸಾಮಾನು ಛಲೋ ಅದಾವ್ರಿ. ಕೆಲಸ ಹೆಂಗ ಮಾಡ್ತೀರಿ, ಅದನ್ನೊಂದೀಟು ನೋಡೂನು," ಎಂದು ಕುರ್ಚಿಯಲ್ಲಿ ಕೂತ.

ವಿರುಪಣ್ಣನ ಎದೆ ಹಗುರಾಯಿತು. ಕತ್ತರಿ ಕೈಗೆ ಬಂದರೆ ಅವನು ಲೋಕ ಮರೆಯುತ್ತಿದ್ದ. ಎಡಭಾಗ ಮುಗಿಯಿತು, ಕವಿತೆಯ ಒಂದು ಸಾಲಿನಷ್ಟು ಅಚ್ಚುಕಟ್ಟಾಗಿತ್ತು. ಬಲಕ್ಕೆ ಬರುವಾಗ ಕೊರಳಿನ ಬಟ್ಟೆ ಸಡಿಲವಾಗಿತ್ತು. ಗಂಟು ಬಿಗಿಯಲು ಎರಡೂ ಕೈ ಬೇಕಾಯಿತು. ಬಿಗಿದ.

ಗಾಜಿನ ಬಾಗಿಲಾಚೆ ಲಲಿತಾ, ದುರುಗವ್ವ ಇಬ್ಬರೂ ನಿಂತು ನೋಡುತ್ತಿದ್ದರು. ದುರುಗವ್ವ ಇದ್ದಕ್ಕಿದ್ದಂತೆ ತನ್ನ ತಲೆಯನ್ನು ತಟ್ಟಿ ತಟ್ಟಿ ತೋರಿಸತೊಡಗಿದಳು. ಅವಳ ಸಿಟ್ಟು ಇಳಿದು ತನ್ನ ಕೈಚಳಕ ಮೆಚ್ಚುತ್ತಿದ್ದಾಳೆಂದು ಭಾವಿಸಿ ವಿರುಪಣ್ಣ ವಿನಯದಿಂದ ತಲೆಬಾಗಿದ.

ಗೌರೀಶ ಕನ್ನಡಿಯನ್ನೇ ನೋಡುತ್ತಿದ್ದ. ಗೋಡೆಯ ಚಿತ್ರವೂ ಕನ್ನಡಿಯೊಳಗೆ ವಿರುಪಣ್ಣನ ಭುಜದ ಪಕ್ಕದಲ್ಲಿಯೇ ಮೂಡಿತ್ತು.

"ಅವರು ನಿಮ್ಮ ಅಪ್ಪಾರೇನ್ರಿ?"

"ಹೌದ್ರಿ ಸಾಹೇಬ್ರ," ವಿರುಪಣ್ಣನ ದನಿ ಅಭಿಮಾನದಿಂದ ತುಂಬಿತು. "ಈ ಕೈ ಅವರದ ರೀ."

"ಕೈ ಅಷ್ಟ ಅಲ್ರಿ. ತಲೀನೂ ಅವರದ."

ವಿರುಪಣ್ಣ ಕನ್ನಡಿ ನೋಡಿದ. ಅಲ್ಲಿ ಅಪ್ಪನದೂ ತನ್ನದೂ ಎರಡು ತಲೆಗಳು, ಎರಡು ಬಾಚಣಿಕೆಗಳು. ಹೊಸ ಬಾಚಣಿಕೆ ಅವನ ಎಣ್ಣೆಗೂದಲಲ್ಲಿ, ಅಪ್ಪನದು ಕೂತ ಜಾಗದಲ್ಲಿಯೇ, ಅಷ್ಟೇ ನೆಮ್ಮದಿಯಾಗಿ ಕೂತಿತ್ತು.

ಗೌರೀಶ ಬಟ್ಟೆ ಬಿಚ್ಚಿ ಮಡಚಿಟ್ಟ. ಅವನ ತಲೆಯ ಎಡಭಾಗ ಅಂದವಾಗಿತ್ತು; ಬಲಗಿವಿಯ ಮೇಲೆ ಹಳೆಯ ಕೂದಲು ಜೋತುಬಿದ್ದಿತ್ತು.

"ಉಳದ ಅರ್ಧಾ ಬಸ್ ನಿಲ್ದಾಣದ ಕಡೆ ಮಾಡಿಸ್ಕೋತೀನ್ರಿ," ಎಂದು ಹೊರನಡೆದ.

ಅವನ ಹಿಂದೆ ಗಾಜಿನ ಬಾಗಿಲು ತಾನಾಗಿಯೇ, ಮೆಲ್ಲನೆ ಮುಚ್ಚಿಕೊಂಡಿತು.