ಮುಳುಗಡೆಯ ಕವಿತೆಗೆ ಮಾತ್ರೆ ಎಣಿಸಿದ್ದು

ಕವಿತೆಯ ಛಂದಸ್ಸು ಹೇಳಲು ಹೋದಾಗಲೆಲ್ಲ ನನ್ನ ಮಾನ ಹೋಗಿದೆ. ಆದರೂ ಕರೆಯುತ್ತಾರೆ. ಹೋಗುತ್ತೇನೆ. ನಿವೃತ್ತ ಕನ್ನಡ ಮಾಸ್ತರನಿಗೆ ಬೇರೆ ಕೆಲಸವೇನಿದೆ?

ಈ ಸಲ ಕರೆದವನು ಬಾಗಲಕೋಟೆಯ ಗೆಳೆಯ. ಅವನ ಗಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ನೆಲೆ ತಪ್ಪಿದ ಆ ದುಃಖವನ್ನು ಕವಿತೆ ಮಾಡಿದ್ದ. ಚದುರಿಹೋದ ಗಲ್ಲಿಯವರು, ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಸೇರುವವರಿದ್ದರು. "ಅವರು ಒಪ್ಪಿದ್ರ ಸಾಕು. ನೀ ಒಂದೀಟು ತಿದ್ದಿ, ಅವರ ಮುಂದ ನಾಕು ಮಾತು ಹೇಳು" ಅಂದ.

ಬಸ್ಸಿನಲ್ಲಿ

ಹುನಗುಂದದಲ್ಲಿ ಹತ್ತಿ, ಕಣ್ಣು ಮುಚ್ಚಿ, ಅವನು ಕಳಿಸಿದ್ದ ಕವಿತೆಯ ಮಾತ್ರೆಯನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದೆ. ತುಟಿ ಅಲ್ಲಾಡುತ್ತಿತ್ತು. ಟಿಕೆಟ್ ಕೊಡಲು ಬಂದ ಕಂಡಕ್ಟರನನ್ನು ಪಕ್ಕದವರು ಗದರಿದರು: "ತಡೀಪಾ, ಅಜ್ಜಾರು ಜಪಾ ಮಾಡಾಕತ್ಯಾರ." ಅಮೀನಗಡದಲ್ಲಿ ತಪಾಸಣೆಯವರು ಹತ್ತಿದರು. ನನ್ನ ಬಳಿ ಟಿಕೆಟ್ ಇಲ್ಲ. ಐದೈದು ಮಾತ್ರೆಯ ಗಣ ಎಂದು ವಿವರಿಸಿದೆ.

"ಅದಕ್ಕ ರಿಯಾಯಿತಿ ಇಲ್ರಿ" ಅಂದರು.

ರಸ

ಗೆಳೆಯನ ಮನೆಯಲ್ಲಿ ಕವಿತೆಯನ್ನು ಮತ್ತೊಮ್ಮೆ ಓದಿ, "ಶುದ್ಧ ಕರುಣರಸ" ಅಂದೆ. ಅವನ ಕಣ್ಣು ಒದ್ದೆಯಾಯಿತು. ಒಳಗಿನಿಂದ ಅವನ ಹೆಂಡತಿ ಅಂದಳು: "ಎಂಥಾ ಕರುಣಾ ರೀ! ಓಣಿ ತುದಿ ಬಾವಿಯಿಂದ ದಿನಾ ಕೊಡಾ ಹೊತ್ತಾಕಿ ನಾ. ಆ ಮನಿಗೆ ನೀರು ತಾನಾಗೇ ಬಂದಿದ್ದು ಅವತ್ತೊಂದ ದಿನ."

ರಸದ ಮಾತು ಅಲ್ಲಿಗೇ ಬಿಟ್ಟೆ.

ನಾಲ್ಕನೇ ಸಾಲು

ಸಭೆ. ಗಲ್ಲಿಯವರೆಲ್ಲ ಬಂದಿದ್ದರು. ಪ್ರಾಸ ಸರಿಯಿದೆ ಎಂದೆ. ಸಾಲಿಗೆ ನಾಲ್ಕು ಗಣ. ನಾಲ್ಕನೇ ಸಾಲಿನಲ್ಲಿ ಮಾತ್ರ ಐದು ಎಂದೆ. ಆ ಸಾಲಿನಲ್ಲಿದ್ದದ್ದು ಗಲ್ಲಿಯ ಮನೆಗಳು: ಪತ್ತಾರ, ಬಡಿಗೇರ, ನೇಕಾರ, ಹೂಗಾರ, ಬಳೆಗಾರ್ತಿ.

"ಬಳೆಗಾರ್ತಿಯನ್ನು ತೆಗೆದರೆ ಛಂದಸ್ಸು ಕೂಡುತ್ತದೆ."

ಮುಂದಿನ ಸಾಲಿನ ಕುರ್ಚಿಯಿಂದ ಒಬ್ಬ ಮುದುಕಿ ಎದ್ದಳು. ಮೊಣಕೈವರೆಗೆ ಹಸಿರು ಬಳೆ.

"ಮಾಸ್ತರ, ಯಾರ ಮನಿ ತಗೀತಿ? ಹಿಂದ ಸರ್ಕಾರದವರು ಎಬ್ಬಿಸಿದ್ರು. ಅವರು ನೋಟಿಸರೆ ಕೊಟ್ಟಿದ್ರು!"

ಸಭೆ ಬಿದ್ದು ಬಿದ್ದು ನಕ್ಕಿತು. ಗೆಳೆಯ ಮಾತ್ರ ವೇದಿಕೆಯ ಮೇಲೆ ನನ್ನ ಪಕ್ಕ ಹಾಳೆ ಹಿಡಿದು ನಿಂತಿದ್ದ. ನಾನು ತಲೆ ತಗ್ಗಿಸಿ, "ಇರಲಿ ಬಿಡವ್ವಾ, ಸಾಲು ಉದ್ದ ಆಗ್ತದಂತ ಅಂದೆ" ಅಂದೆ.

"ಉದ್ದಾದ್ರ ಆಗ್ಲಿ. ಗಲ್ಲಿ ಉದ್ದನ ಇತ್ತು." ಗೆಳೆಯನತ್ತ ತಿರುಗಿದಳು. "ನೀ ಇದ್ದಂಗ ಓದೋ ತಮ್ಮಾ. ತಗಿಯೂದಿದ್ರ ಈ ಮಾಸ್ತರನ್ನ ತಗೀರಿ."

ನನ್ನನ್ನು ವೇದಿಕೆಯಿಂದ ತೆಗೆದರು. ಗೆಳೆಯ ಐದೂ ಮನೆ ಓದಿದ. ಚಪ್ಪಾಳೆ ನಿಲ್ಲಲಿಲ್ಲ. ಕೆಳಗೆ ನಾನು ಕೂರಲು ಖಾಲಿಯಿದ್ದದ್ದು ಒಂದೇ ಕುರ್ಚಿ, ಮುದುಕಿಯ ಪಕ್ಕದ್ದು.